ಖಾಲಿ ಊರು, ಗಟ್ಟಿ ಕೋಟೆ: ಸ್ಪೇನ್‌ನ ಸೋರಿಯಾದಲ್ಲಿ ಮೂರು ದಿನ

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ, ಗೊತ್ತಿಲ್ಲ. ಎಲ್ಲೇ ಇರಿ, ಇವತ್ತು ನಿಮ್ಮನ್ನ ಒಂದು ಬೋಳು ಗುಡ್ಡದ ಮೇಲಕ್ಕೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಗಾಳಿ ಎಷ್ಟು ಜೋರಾಗಿತ್ತು ಅಂದ್ರೆ, ನಾನು ಅಲ್ಲೇ ನಿಂತು ಮಾಡಿದ ರೆಕಾರ್ಡಿಂಗ್‌ನಲ್ಲಿ ನನ್ನ ಮಾತಿಗಿಂತ ಗಾಳಿಯೇ ಜಾಸ್ತಿ ಕೇಳಿಸುತ್ತೆ. ಅದಕ್ಕೇ ಮನೆಗೆ ಬಂದು ಮತ್ತೆ ಮೊದಲಿಂದ ಹೇಳ್ತಿದ್ದೀನಿ.

ಸ್ಪೇನ್ ಅಂದ ತಕ್ಷಣ ನಮಗೆ ನೆನಪಾಗೋದು ಫುಟ್‌ಬಾಲ್, ಬಾರ್ಸಿಲೋನಾ, ಟೊಮ್ಯಾಟೊ ಎರಚಾಡುವ ಹಬ್ಬ. ನಾನು ಹೋಗಿದ್ದು ಅದ್ಯಾವುದೂ ಇಲ್ಲದ ಕಡೆಗೆ. ಮ್ಯಾಡ್ರಿಡ್‌ನಿಂದ ಈಶಾನ್ಯಕ್ಕೆ, ಕಾರಿನಲ್ಲಿ ಎರಡು ಗಂಟೆ ಚಿಲ್ಲರೆ ದೂರದಲ್ಲಿರುವ ಸೋರಿಯಾ ಅನ್ನೋ ಪ್ರಾಂತ್ಯ. ವಿಸ್ತೀರ್ಣ ಹತ್ತು ಸಾವಿರ ಚದರ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಜನ ಎಷ್ಟು? 90 ಸಾವಿರದ ಆಸುಪಾಸು. ಅಂದ್ರೆ ಒಂದು ಚದರ ಕಿಲೋಮೀಟರ್‌ಗೆ ಸುಮಾರು 9 ಜನ. ಅರ್ಧ ಗಂಟೆ ಕಾರು ಓಡಿಸಿದರೂ ಎದುರಿಗೆ ಒಂದು ಗಾಡಿ ಬರಲಿಲ್ಲ. ಗೋಧಿ ಹೊಲ, ಕೆಂಪು ಮಣ್ಣು, ಮೇಲೆ ಹದ್ದು. ಆಮೇಲೆ ಒಂದು ತಿರುವಿನಲ್ಲಿ, ಇದ್ದಕ್ಕಿದ್ದಂತೆ, ಕೋಟೆ.

ಈ ನಾಡಿನ ಹೆಸರೇ ಕಾಸ್ತಿಯ್ಯಾ. ನಮ್ಮ ಇತಿಹಾಸ ಪುಸ್ತಕಗಳಲ್ಲಿ ಕ್ಯಾಸ್ಟೈಲ್ ಅಂತ ಬರುತ್ತಲ್ಲ, ಅದು. ಕೋಟೆಗಳ ನಾಡು ಅಂತಲೇ ಆ ಹೆಸರು ಬಂದಿದ್ದು. ಅವರ ಲಾಂಛನದಲ್ಲೂ ಕೋಟೆಯೇ ಇದೆ. ಆದ್ರೆ ನನ್ನ ಪ್ರಶ್ನೆ ಬೇರೆ ಇತ್ತು. ಕಾಯೋಕೆ ಜನವೇ ಇಲ್ಲದ ಜಾಗದಲ್ಲಿ ಇಷ್ಟೊಂದು ಕೋಟೆ ಯಾಕಿದೆ? ಇವತ್ತು ಅದನ್ನ ನೋಡಿಕೊಳ್ಳೋರು ಯಾರು?

ಸಾವಿರ ವರ್ಷದ ಗೋಡೆ

ಮೊದಲ ದಿನ ಗೊರ್ಮಾಸ್. ಡುವೆರೊ ಅನ್ನೋ ನದಿ, ಅದರ ಪಕ್ಕ ಒಂಟಿ ಗುಡ್ಡ, ಗುಡ್ಡದ ನೆತ್ತಿ ಪೂರ್ತಿ ಕೋಟೆ. ಉದ್ದ ಸುಮಾರು 400 ಮೀಟರ್, ಸುತ್ತಳತೆ ಒಂದು ಕಿಲೋಮೀಟರ್‌ಗೂ ಜಾಸ್ತಿ. ದೂರದಿಂದ ನೋಡಿದ್ರೆ ಗುಡ್ಡದ ಮೇಲೆ ಯಾರೋ ಒಂದು ಉದ್ದದ ಹಡಗು ಇಟ್ಟು ಮರೆತುಹೋದ ಹಾಗಿದೆ. ಹತ್ತನೇ ಶತಮಾನದ ಯುರೋಪಿನಲ್ಲಿ ಇಷ್ಟು ದೊಡ್ಡ ಕೋಟೆಗಳು ಬಹಳ ಅಪರೂಪ.

ಇದನ್ನ ಕಟ್ಟಿಸಿದ್ದು ಕ್ರೈಸ್ತ ರಾಜರಲ್ಲ. ಆಗ ಸ್ಪೇನ್‌ನ ದಕ್ಷಿಣದ ದೊಡ್ಡ ಭಾಗವನ್ನ ಕೊರ್ದೋಬಾದಿಂದ ಮುಸ್ಲಿಂ ಖಲೀಫರು ಆಳುತ್ತಿದ್ದರು. ಉತ್ತರದಲ್ಲಿ ಲಿಯೋನ್, ಕಾಸ್ತಿಯ್ಯಾ, ನವಾರ್ರೆ ಅನ್ನುವ ಕ್ರೈಸ್ತ ರಾಜ್ಯಗಳು. ನಡುವೆ ಗಡಿ ಈ ಡುವೆರೊ ನದಿ. ಎರಡನೇ ಅಲ್ ಹಕಮ್ ಖಲೀಫನಾಗಿದ್ದಾಗ, 965ರ ಹೊತ್ತಿಗೆ, ಇಲ್ಲಿದ್ದ ಹಳೆಯ ಕೋಟೆಯನ್ನ ಈಗಿನ ಗಾತ್ರಕ್ಕೆ ಬೆಳೆಸಲಾಯಿತು.

ದಕ್ಷಿಣದ ಕಡೆಗೆ ಒಂದು ಹೆಬ್ಬಾಗಿಲಿದೆ. ಕುದುರೆ ಲಾಳದ ಆಕಾರದ ಕಮಾನು, ಕೊರ್ದೋಬಾದ ದೊಡ್ಡ ಮಸೀದಿಯಲ್ಲಿ ನೋಡ್ತೀವಲ್ಲ, ಅದೇ ಶೈಲಿ. ಅದರ ಕೆಳಗೆ ನಿಂತರೆ ಕಮಾನಿನ ಒಳಗೆ ಬರೀ ಆಕಾಶ ಕಾಣುತ್ತೆ. ಟಿಕೆಟ್ ಕೌಂಟರ್ ಇಲ್ಲ, ಕಾವಲುಗಾರ ಇಲ್ಲ. ಒಳಗೆ ನೀರಿನ ತೊಟ್ಟಿ ಇದೆ, ಪ್ರಾಣಿಗಳಿಗೆ ನೀರು ಕುಡಿಸೋಕೆ ಕೊಳ ಇದೆ. ಉಳಿದಿದ್ದೆಲ್ಲ ಹುಲ್ಲು. ಅಷ್ಟು ದೊಡ್ಡ ಜಾಗ ಖಾಲಿ ಯಾಕೆ ಅಂದ್ರೆ, ಇದು ರಾಜ ವಾಸ ಮಾಡುವ ಅರಮನೆ ಆಗಿರಲೇ ಇಲ್ಲ. ಸೈನ್ಯ ಬಂದು ಬಿಡಾರ ಹೂಡುವ ಜಾಗ. ಇಲ್ಲಿಂದ ಹೊರಟು ಉತ್ತರದ ಮೇಲೆ ದಾಳಿ ಮಾಡಬೇಕು, ಉತ್ತರದವರು ಬಂದರೆ ಇಲ್ಲೇ ತಡೀಬೇಕು. ಸುತ್ತಲಿನ ಗುಡ್ಡಗಳ ಮೇಲೆ ಗುಂಡಗಿನ ಕಾವಲು ಗೋಪುರಗಳಿವೆ. ಒಂದರಿಂದ ಇನ್ನೊಂದು ಕಾಣುವ ಹಾಗೆ ಕಟ್ಟಿದ್ದಾರೆ. ಹಗಲು ಹೊಗೆ, ರಾತ್ರಿ ಬೆಂಕಿ: ಅದೇ ಆ ಕಾಲದ ನೋಟಿಫಿಕೇಶನ್.

ಮಾವ, ಅಳಿಯ ಮತ್ತು ಒಂದು ಯುದ್ಧ

ಈಗ ಈ ಎಪಿಸೋಡಿನ ಮುಖ್ಯ ಪಾತ್ರ. ಹೆಸರು ಘಾಲಿಬ್. ಶಾಯರಿ ಬರೆದ ಘಾಲಿಬ್ ಅಲ್ಲ, ಅವರಿಗಿಂತ ಒಂಬತ್ತು ಶತಮಾನ ಹಿಂದಿನವನು. ಖಲೀಫರ ಮನೆಯಲ್ಲಿ ಗುಲಾಮನಾಗಿದ್ದು, ಬಿಡುಗಡೆ ಪಡೆದು, ಸೇನಾಪತಿಯ ಮಟ್ಟಕ್ಕೆ ಏರಿದವನು. 946ರಲ್ಲಿ ಗೊರ್ಮಾಸ್‌ನ ದಕ್ಷಿಣಕ್ಕಿರುವ ಮೆದಿನಾಸೇಲಿ ಊರನ್ನ ಭದ್ರಪಡಿಸಿ ಗಡಿ ಸೈನ್ಯದ ಕೇಂದ್ರ ಮಾಡಿದ್ದು ಇವನೇ. 975ರಲ್ಲಿ ಉತ್ತರದ ಕ್ರೈಸ್ತ ರಾಜ್ಯಗಳೆಲ್ಲ ಒಟ್ಟಾಗಿ ಗೊರ್ಮಾಸ್‌ಗೆ ಮುತ್ತಿಗೆ ಹಾಕಿದವು. ಅವರಲ್ಲಿ ಕಾಸ್ತಿಯ್ಯಾದ ಒಡೆಯ ಗಾರ್ಸಿಯಾ ಫೆರ್ನಾಂದೆಸ್ ಕೂಡ ಇದ್ದ. ಘಾಲಿಬ್ ಸೈನ್ಯ ತಂದು ಅವರನ್ನ ಸೋಲಿಸಿ ಓಡಿಸಿದ.

ಇಲ್ಲಿಗೆ ಕಥೆ ಸರಳ. ಆ ಕಡೆ ಕ್ರೈಸ್ತರು, ಈ ಕಡೆ ಮುಸ್ಲಿಮರು, ನಡುವೆ ಗೋಡೆ. ನಾನೂ ಹಾಗೇ ಅಂದುಕೊಂಡು ಹೋಗಿದ್ದೆ. ಆದ್ರೆ ಮುಂದೆ ಕೇಳಿ.

976ರಲ್ಲಿ ಖಲೀಫ ತೀರಿಕೊಂಡ. ಪಟ್ಟಕ್ಕೆ ಬಂದ ಮಗ ಇನ್ನೂ ಹುಡುಗ. ಆ ಹುಡುಗನ ಹೆಸರಲ್ಲಿ ಆಡಳಿತ ಕೈಗೆ ತಗೊಂಡವನು ಇಬ್ನ್ ಅಬಿ ಆಮಿರ್ ಅನ್ನೋ ಚಾಲಾಕಿ ಅಧಿಕಾರಿ. ಸೈನ್ಯದ ಬೆಂಬಲ ಬೇಕಿತ್ತಲ್ಲ, ಅದಕ್ಕೆ ಘಾಲಿಬ್‌ನ ಮಗಳು ಅಸ್ಮಾಳನ್ನ ಮದುವೆಯಾದ. ಮಾವ ಗಡಿಯಲ್ಲಿ, ಅಳಿಯ ರಾಜಧಾನಿಯಲ್ಲಿ. ಸ್ವಲ್ಪ ದಿನಕ್ಕೇ ಮಾವನಿಗೆ ಅರ್ಥವಾಯ್ತು, ಅಳಿಯ ಖಲೀಫನನ್ನೇ ಮೂಲೆಗೆ ತಳ್ಳುತ್ತಿದ್ದಾನೆ ಅಂತ. ಜಗಳ ಯುದ್ಧಕ್ಕೆ ತಿರುಗಿತು.

981ರ ಜುಲೈನಲ್ಲಿ, ಇದೇ ಸೋರಿಯಾದ ದಕ್ಷಿಣ ಭಾಗದಲ್ಲಿರುವ ತೋರ್ರೆವಿಸೆಂತೆ ಹತ್ತಿರ ಇಬ್ಬರ ಸೈನ್ಯ ಎದುರಾದವು. ಘಾಲಿಬ್‌ಗೆ ಆಗ ವಯಸ್ಸು 80ರ ಆಸುಪಾಸು. ಅವನ ಪಕ್ಕ ನಿಂತು ಹೋರಾಡಿದ್ದು ಯಾರು ಗೊತ್ತಾ? ಕಾಸ್ತಿಯ್ಯಾದ ಗಾರ್ಸಿಯಾ ಫೆರ್ನಾಂದೆಸ್. ಆರು ವರ್ಷದ ಹಿಂದೆ ಗೊರ್ಮಾಸ್‌ನಲ್ಲಿ ಯಾರನ್ನ ಸೋಲಿಸಿದ್ದನೋ, ಅವನೇ. ಜೊತೆಗೆ ನವಾರ್ರೆಯ ರಾಜಮನೆತನದ ಒಬ್ಬ ರಾಜಕುಮಾರ. ಮುಸ್ಲಿಂ ಸೇನಾಪತಿ, ಕ್ರೈಸ್ತ ಸೈನ್ಯವನ್ನ ಪಕ್ಕದಲ್ಲಿಟ್ಟುಕೊಂಡು, ತನ್ನ ಸ್ವಂತ ಅಳಿಯನ ವಿರುದ್ಧ. ಆ ದಿನ ಘಾಲಿಬ್ ಸತ್ತ. ಗೆದ್ದ ಅಳಿಯ ತನಗೆ ತಾನೇ ಒಂದು ಬಿರುದು ಕೊಟ್ಟುಕೊಂಡ: ಅಲ್ ಮನ್ಸೂರ್, ಅಂದ್ರೆ ವಿಜಯಿ. ಸ್ಪೇನ್‌ನ ಪಠ್ಯಪುಸ್ತಕಗಳಲ್ಲಿ ಅಲ್ಮನ್ಸೋರ್ ಅಂತ ಇವತ್ತಿಗೂ ಹೆದರಿಸುವ ಹೆಸರು ಅದು. ಕ್ರೈಸ್ತರ ಮೇಲಿನ ದಾಳಿಗಳಿಗೆ ಪ್ರಸಿದ್ಧನಾದವನು ಆ ಬಿರುದು ಪಡೆದದ್ದು ಮಾವನನ್ನ ಸೋಲಿಸಿ!

ಗೊರ್ಮಾಸ್ ಆಮೇಲೂ ಆ ಕೈಯಿಂದ ಈ ಕೈಗೆ ಹೋಗ್ತಾನೇ ಇತ್ತು. 1060ರಲ್ಲಿ ಒಂದನೇ ಫೆರ್ದಿನಾಂದ್ ಅದನ್ನ ಗೆದ್ದ. 1080ರ ದಶಕದಲ್ಲಿ ರಾಜ ಆರನೇ ಅಲ್ಫೋನ್ಸೋ ಇದನ್ನ ಎಲ್ ಸಿದ್ ಅನ್ನೋ ವೀರನ ವಶಕ್ಕೆ ಕೊಟ್ಟ. ಸ್ಪೇನ್‌ನವರ ದೊಡ್ಡ ಹೀರೋ ಅವನು. ಅವನ ಕಥೆಯೂ ಹೀಗೇ. ರಾಜ ಗಡಿಪಾರು ಮಾಡಿದಾಗ ಹೋಗಿ ಕೆಲಸಕ್ಕೆ ಸೇರಿದ್ದು ಸರಗೋಸದ ಮುಸ್ಲಿಂ ಅರಸನ ಹತ್ತಿರ.

ಹಾಗಂತ ಆ ಕಾಲದಲ್ಲಿ ಧರ್ಮಕ್ಕೆ ಬೆಲೆಯೇ ಇರಲಿಲ್ಲ ಅಂತ ನಾನು ಹೇಳ್ತಿಲ್ಲ. ಇತ್ತು, ಅದರ ಹೆಸರಲ್ಲಿ ರಕ್ತವೂ ಹರಿದಿದೆ. ಆದ್ರೆ ರಾಜರ ಲೆಕ್ಕದಲ್ಲಿ ಕಂದಾಯ, ಅಧಿಕಾರ, ಸಂಬಂಧಗಳೂ ಇದ್ದವು. ಇವತ್ತು ಯಾರಾದರೂ ಒಂದೇ ವಾಟ್ಸಾಪ್ ಮೆಸೇಜಿನಲ್ಲಿ ಒಂದು ಕೋಟೆಯ ಕಥೆ ಮುಗಿಸಿದರೆ, ಸ್ವಲ್ಪ ತಡೀರಿ. ತೋರ್ರೆವಿಸೆಂತೆಯನ್ನ ನೆನಪಿಸಿಕೊಳ್ಳಿ.

1085ರಲ್ಲಿ ಕ್ರೈಸ್ತ ರಾಜರು ತೊಲೆದೋ ಪಟ್ಟಣ ಗೆದ್ದರು. ಗಡಿ ದಕ್ಷಿಣಕ್ಕೆ ಸರಿಯಿತು. ಗಡಿ ಹೋದ ಮೇಲೆ ಗಡಿ ಕೋಟೆಗೆ ಏನು ಕೆಲಸ? ಗೊರ್ಮಾಸ್ ನಿಧಾನಕ್ಕೆ ನಿರುದ್ಯೋಗಿಯಾಯಿತು. ನನ್ನ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಇಷ್ಟೊಂದು ಕೋಟೆ ಇರೋದು ಇಲ್ಲಿ ಜನ ಜಾಸ್ತಿ ಇದ್ದರು ಅಂತಲ್ಲ, ಇದು ಅಂಚು ಆಗಿತ್ತು ಅಂತ.

ಕಳೆದುಹೋದ ನಗಾರಿ, ನೇತಾಡುವ ಮೊಸಳೆ

ಎರಡನೇ ದಿನ ಬೆಳಿಗ್ಗೆ ಕಲಾತನ್ಯಸೋರ್. ಹೆಸರು ಬಂದಿದ್ದು ಅರಬ್ಬಿಯಿಂದ, ಹದ್ದುಗಳ ಕೋಟೆ ಅನ್ನೋ ಅರ್ಥ. ಕೋಟೆ ಈಗ ಅರ್ಧ ಮುರಿದ ಹಲ್ಲಿನ ಥರ ನಿಂತಿದೆ. ಕೆಳಗೆ ಕಲ್ಲು ಹಾಸಿದ ಒಂದು ಬೀದಿ, ಮರದ ತೊಲೆ ಮತ್ತು ಮಣ್ಣಿನ ಗೋಡೆಯ ಮನೆಗಳು. ಆರ್ಸನ್ ವೆಲ್ಸ್ 1960ರ ದಶಕದಲ್ಲಿ ಶೇಕ್ಸ್‌ಪಿಯರ್ ನಾಟಕಗಳನ್ನ ಆಧರಿಸಿದ ಸಿನಿಮಾಕ್ಕೆ ಇಲ್ಲಿ ಶೂಟಿಂಗ್ ಮಾಡಿದ್ದ. ಸೆಟ್ ಹಾಕುವ ಖರ್ಚು ಉಳಿದಿರಬೇಕು!

ಅಲ್ಮನ್ಸೋರ್ ತನ್ನ ನಗಾರಿ ಕಳಕೊಂಡಿದ್ದು ಇಲ್ಲೇ ಅಂತ ಸ್ಪೇನ್‌ನ ಮಕ್ಕಳಿಗೂ ಗೊತ್ತಿರೋ ಒಂದು ಗಾದೆ ಇದೆ. 1002ರಲ್ಲಿ ಇಲ್ಲಿ ದೊಡ್ಡ ಯುದ್ಧ ಆಗಿ ಅವನು ಸೋತ ಅಂತ ಕಥೆ. ಆದ್ರೆ ಆ ಕಥೆ ಕಾಣಿಸಿಕೊಳ್ಳೋದು ಅವನು ಸತ್ತು ಬಹಳ ಕಾಲ ಆದ ಮೇಲೆ ಬರೆದ ಗ್ರಂಥಗಳಲ್ಲಿ. ಅಂಥ ಯುದ್ಧ ನಡೆದೇ ಇಲ್ಲ ಅನ್ನೋದು ಬಹಳಷ್ಟು ಇತಿಹಾಸಕಾರರ ಅಭಿಪ್ರಾಯ. ಅವನು 1002ರಲ್ಲಿ ಸತ್ತಿದ್ದು ನಿಜ, ಮೆದಿನಾಸೇಲಿಯಲ್ಲಿ. ಮಾವ ಭದ್ರಪಡಿಸಿದ ಊರಲ್ಲೇ.

ಮಧ್ಯಾಹ್ನ ಬೆರ್ಲಾಂಗಾ ದೆ ಡುವೆರೊ. ಇಲ್ಲಿನ ಕೋಟೆ ಬೇರೆ ಥರ. ಮೂಲೆಗಳಲ್ಲಿ ದಪ್ಪನೆಯ, ಕುಳ್ಳನೆಯ ಗುಂಡು ಬುರುಜುಗಳು. ಕಾರಣ ಸುಲಭ: ಅಷ್ಟರಲ್ಲಿ ಫಿರಂಗಿ ಬಂದಿತ್ತು. ಎತ್ತರದ ತೆಳ್ಳನೆಯ ಗೋಡೆ ಫಿರಂಗಿ ಗುಂಡಿಗೆ ಉದುರುತ್ತೆ. ಅದಕ್ಕೇ 16ನೇ ಶತಮಾನದಲ್ಲಿ ಹಳೆಯ ಕೋಟೆಯ ಸುತ್ತ ಈ ದಪ್ಪ ಗೋಡೆ ಎಬ್ಬಿಸಿದರು. ಗೊರ್ಮಾಸ್ ನೋಡಿ ಇಲ್ಲಿಗೆ ಬಂದರೆ ಆರು ಶತಮಾನದಲ್ಲಿ ಯುದ್ಧ ಹೇಗೆ ಬದಲಾಯ್ತು ಅಂತ ಕಲ್ಲಿನಲ್ಲೇ ಕಾಣುತ್ತೆ.

ಇದೇ ಊರಿನ ದೊಡ್ಡ ಚರ್ಚಿನ ಗೋಡೆಯಲ್ಲಿ ಒಂದು ಒಣಗಿದ ಮೊಸಳೆ ನೇತುಹಾಕಿದ್ದಾರೆ. ತಮಾಷೆ ಅಲ್ಲ. ಈ ಊರಿನ ಪಾದ್ರಿ ತೊಮಾಸ್ ದೆ ಬೆರ್ಲಾಂಗಾ ಪನಾಮಾದ ಬಿಷಪ್ ಆಗಿದ್ದ. 1535ರಲ್ಲಿ ಪೆರುವಿಗೆ ಹೋಗುವಾಗ ಅವನ ಹಡಗು ಗಾಳಿಯಿಲ್ಲದೆ ದಿಕ್ಕು ತಪ್ಪಿ ಕೆಲವು ದ್ವೀಪಗಳಿಗೆ ಮುಟ್ಟಿತು. ಅವೇ ಗಾಲಾಪಗೋಸ್, ಆಮೇಲೆ ಡಾರ್ವಿನ್ ಹೋದ ದ್ವೀಪಗಳು. ಊರಿಗೆ ವಾಪಸ್ ಬರುವಾಗ ಆ ಮೊಸಳೆಯನ್ನೂ ತಂದ ಅಂತ ಊರಿನವರು ಹೇಳ್ತಾರೆ. ಸಮುದ್ರವೇ ಇಲ್ಲದ ಈ ಒಣ ನೆಲದಿಂದ ಹೋದವನು!

ಆನೆ ಹೋಯಿತು

ಮೂರನೇ ದಿನ ನೋಡಿದ್ದನ್ನ ನಾನು ಇನ್ನೂ ಮರೆತಿಲ್ಲ. ಬೆರ್ಲಾಂಗಾದಿಂದ ಕೆಲವೇ ಕಿಲೋಮೀಟರ್, ಸಾನ್ ಬೌದೇಲಿಯೋ. ಕೋಟೆ ಅಲ್ಲ, ಪುಟ್ಟ ಗುಡಿಯಂಥ ಚರ್ಚು. 11ನೇ ಶತಮಾನದ್ದು. ಹೊರಗಿನಿಂದ ನೋಡಿದ್ರೆ ಕಲ್ಲಿನ ಡಬ್ಬಿ. ದಾಟಿಕೊಂಡು ಮುಂದೆ ಹೋಗ್ತೀರಿ.

ಒಳಗೆ ಕಾಲಿಟ್ಟರೆ ನಡುಮಧ್ಯ ಒಂದೇ ಒಂದು ದಪ್ಪ ಕಂಬ. ಅದರ ತುದಿಯಿಂದ ಎಂಟು ಕಮಾನುಗಳು ಖರ್ಜೂರದ ಮರದ ಗರಿಗಳ ಹಾಗೆ ಸುತ್ತಲೂ ಹರಡಿ ಚಾವಣಿಯನ್ನ ಹೊತ್ತಿವೆ. ಹಿಂಬದಿಗೆ ಪುಟ್ಟ ಪುಟ್ಟ ಕಂಬಗಳ ಗುಂಪು, ಲಾಳದ ಕಮಾನುಗಳು, ಪುಟಾಣಿ ಮಸೀದಿಯ ಹಾಗೆ. ಚರ್ಚು ಕ್ರೈಸ್ತರದ್ದು, ಕೈಚಳಕ ಅರಬ್ಬಿ ಶೈಲಿಯದ್ದು.

12ನೇ ಶತಮಾನದಲ್ಲಿ ಈ ಗೋಡೆಗಳ ತುಂಬ ಚಿತ್ರ ಬರೆದರು. ಏಸುವಿನ ಕಥೆಗಳು, ಬೇಟೆಯ ದೃಶ್ಯಗಳು, ಒಂಟೆ, ಕರಡಿ, ಮತ್ತೆ ಒಂದು ಆನೆ. ಆನೆಯ ಬೆನ್ನ ಮೇಲೆ ಕೋಟೆ! ಅದರ ಫೋಟೋ ನೋಡಿದಾಗ ನಮ್ಮ ದಸರಾ ಅಂಬಾರಿ ನೆನಪಾಗಿ ನಗು ಬಂತು. ಬರೆದವನು ಆನೆಯನ್ನ ಕಣ್ಣಾರೆ ನೋಡಿರಲಿಕ್ಕಿಲ್ಲ, ಕಾಲುಗಳನ್ನ ನೋಡಿದ್ರೆ ಗೊತ್ತಾಗುತ್ತೆ.

ಫೋಟೋ ಅಂದೆ, ಗಮನಿಸಿದ್ರಾ? ಯಾಕಂದ್ರೆ ಆನೆ ಅಲ್ಲಿಲ್ಲ.

1922ರಲ್ಲಿ ಲಿಯೋನೆ ಲೇವಿ ಅನ್ನೋ ಕಲಾ ವ್ಯಾಪಾರಿ ಬಂದ. ಆ ಚರ್ಚು ಹತ್ತಿರದ ಕಾಸಿಯ್ಯಾಸ್ ಅನ್ನೋ ಹಳ್ಳಿಯ ಕೆಲವು ಜನರ ಆಸ್ತಿ. ಅವರು ಚಿತ್ರಗಳನ್ನ 65,000 ಪೆಸೆಟಾಗೆ ಮಾರಿದರು. ಸರ್ಕಾರ 1917ರಲ್ಲೇ ಅದನ್ನ ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿತ್ತು. ಗಲಾಟೆ ಆಯ್ತು, ಕೋರ್ಟಿಗೆ ಹೋಯ್ತು. 1925ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾಲೀಕರಿಗೆ ಮಾರುವ ಹಕ್ಕಿದೆ ಅಂತ. ಮರುವರ್ಷ ಕೆಲಸದವರು ಬಂದು, ಚಿತ್ರದ ಮೇಲೆ ಅಂಟು ಬಳಿದ ಬಟ್ಟೆ ಹಚ್ಚಿ, ಒಣಗಿಸಿ, ಬಣ್ಣದ ಪದರವನ್ನ ಗೋಡೆಯಿಂದ ಸುಲಿದರು. ಅದನ್ನ ಕ್ಯಾನ್ವಾಸಿಗೆ ಅಂಟಿಸಿದರು, ಅಮೆರಿಕಕ್ಕೆ ಸಾಗಿಸಿದರು. ಕೊನೆಯ ಭೋಜನದ ಚಿತ್ರ ಬಾಸ್ಟನ್‌ನಲ್ಲಿ, ಜೆರುಸಲೇಮ್ ಪ್ರವೇಶ ಇಂಡಿಯಾನಾಪೊಲಿಸ್‌ನಲ್ಲಿ, ಗಿಡುಗ ಹಿಡಿದ ಸವಾರ ಸಿನ್ಸಿನಾಟಿಯಲ್ಲಿ, ಒಂಟೆ ನ್ಯೂಯಾರ್ಕ್‌ನಲ್ಲಿ. ಒಂದೇ ಮನೆಯ ಮಕ್ಕಳು ನಾಲ್ಕು ಊರು ಸೇರಿದ ಹಾಗೆ.

ಮೊದಲು ನನಗೆ ಸಿಟ್ಟು ಬಂತು. ಮಾರಿದವರ ಮೇಲೆ. ಆಮೇಲೆ ಕಾರಲ್ಲಿ ಕೂತು ಯೋಚಿಸಿದೆ. ನಾನು ಓದಿದ್ದು ಬಿ.ಕಾಂ., ಯಾವುದನ್ನೇ ನೋಡಿದ್ರೂ ಮನಸ್ಸು ಎಡಕ್ಕೆ ಸಾಲ, ಬಲಕ್ಕೆ ಆಸ್ತಿ ಅಂತ ಗೆರೆ ಎಳೆಯುತ್ತೆ. ಆ ರೈತರ ಕಡೆಯಿಂದ ಲೆಕ್ಕ ಹಾಕಿ. ಸ್ಮಾರಕ ಅಂತ ಸರ್ಕಾರ ಬೋರ್ಡು ಕೊಟ್ಟಿತು, ಕಾವಲಿಗೆ ಜನ ಕೊಟ್ಟಿತಾ? ಅವರ ಕೈಯಲ್ಲಿದ್ದ ಆ ಆಸ್ತಿಯಿಂದ ಒಂದು ಪೈಸೆ ಆದಾಯ ಇಲ್ಲ. ಒಬ್ಬ ಬಂದು ಕೈತುಂಬ ದುಡ್ಡು ಕೊಡ್ತೀನಿ ಅಂದ. ಅವರ ಜಾಗದಲ್ಲಿ ನಾನಿದ್ದಿದ್ದರೆ ಮಾರ್ತಿರಲಿಲ್ಲ ಅಂತ ಎದೆ ಮುಟ್ಟಿ ಹೇಳೋಕೆ ನನಗೆ ಆಗಲಿಲ್ಲ. ಆದರೆ ಆ ಲೆಕ್ಕದಲ್ಲಿ ಒಂದು ಕಾಲಂ ಇರಲಿಲ್ಲ: ನೂರು ವರ್ಷ ಆದ ಮೇಲೆ ಹುಟ್ಟುವವರ ಪಾಲು.

ಕಥೆ ಮುಗೀಲಿಲ್ಲ. 1957ರಲ್ಲಿ ಒಂದು ಒಪ್ಪಂದ ಆಯ್ತು. ಆನೆ, ಕರಡಿ, ಬೇಟೆಯ ದೃಶ್ಯಗಳು ಸೇರಿ ಆರು ತುಂಡು ಚಿತ್ರಗಳು ಮ್ಯಾಡ್ರಿಡ್‌ನ ಪ್ರಾದೋ ಮ್ಯೂಸಿಯಂಗೆ ವಾಪಸ್ ಬಂದವು. ಬದಲಿಗೆ ಸ್ಪೇನ್ ಏನು ಕೊಟ್ಟಿತು? ಪಕ್ಕದ ಸೆಗೋವಿಯಾ ಪ್ರಾಂತ್ಯದ ಫ್ವೆಂತಿದುವೆನ್ಯಾ ಅನ್ನೋ ಊರಿನ ಪಾಳುಬಿದ್ದ ಚರ್ಚಿನ ಗರ್ಭಗುಡಿಯ ಭಾಗವನ್ನ. ಮೂರು ಸಾವಿರಕ್ಕೂ ಹೆಚ್ಚು ಕಲ್ಲುಗಳನ್ನ ಬಿಚ್ಚಿ, ನಂಬರ್ ಹಾಕಿ, ನ್ಯೂಯಾರ್ಕ್‌ಗೆ ಕಳಿಸಿದರು. ಅಲ್ಲಿ ಮತ್ತೆ ಜೋಡಿಸಿದ್ದಾರೆ, ಇವತ್ತೂ ಇದೆ. ಕಾಗದದ ಮೇಲೆ ಎರಡೂ ಕಡೆಯವರು ಕೊಟ್ಟಿದ್ದು ಸಾಲ. ಒಂದು ಹಳ್ಳಿಯ ಆನೆ ರಾಜಧಾನಿಗೆ ಬರೋಕೆ ಇನ್ನೊಂದು ಹಳ್ಳಿಯ ಚರ್ಚು ಸಮುದ್ರ ದಾಟಬೇಕಾಯಿತು. ಗಮನಿಸಿ, ಆನೆ ಬಂದಿದ್ದು ಮ್ಯಾಡ್ರಿಡ್‌ಗೆ. ಸಾನ್ ಬೌದೇಲಿಯೋಗೆ ಅಲ್ಲ.

ಆದ್ರೂ ಹೋಗಿ ನೋಡಿ. ಬಣ್ಣ ಸುಲಿದ ಮೇಲೂ ಗೋಡೆಯ ಗಾರೆಯಲ್ಲಿ ಚಿತ್ರಗಳ ನೆರಳು ಉಳಿದುಕೊಂಡಿದೆ. ಒದ್ದೆ ಗಾರೆ ಹೀರಿಕೊಂಡ ಬಣ್ಣ ಪೂರ್ತಿ ಬಿಟ್ಟುಕೊಟ್ಟಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಅವು ಒಂದೊಂದಾಗಿ ಮೇಲೆ ಬರುತ್ತವೆ.

ಇಪ್ಪತ್ತು ಜನ, ಒಂದು ಕೋಟೆ

ಈಗ ಎರಡನೇ ಪ್ರಶ್ನೆ. ನೋಡಿಕೊಳ್ಳೋರು ಯಾರು?

1949ರ ಏಪ್ರಿಲ್ 22ರಂದು ಸ್ಪೇನ್ ಸರ್ಕಾರ ಒಂದು ಆದೇಶ ಹೊರಡಿಸಿತು. ದೇಶದ ಎಲ್ಲ ಕೋಟೆಗಳು, ಎಷ್ಟೇ ಪಾಳು ಬಿದ್ದಿರಲಿ, ಸರ್ಕಾರದ ರಕ್ಷಣೆಯಲ್ಲಿವೆ, ಯಾರೂ ಮುಟ್ಟಬಾರದು ಅಂತ. ಒಳ್ಳೆಯದೇ. ಅದೇ ಆದೇಶದಲ್ಲಿ ಇನ್ನೊಂದು ಮಾತಿತ್ತು: ಕೋಟೆಗೆ ಏನಾದರೂ ಹಾನಿಯಾದರೆ ಆಯಾ ಊರಿನ ಸ್ಥಳೀಯ ಆಡಳಿತವೇ ಹೊಣೆ. ಗೊರ್ಮಾಸ್ ಊರಿನ ಜನಸಂಖ್ಯೆ ಇವತ್ತು ಇಪ್ಪತ್ತರ ಆಸುಪಾಸು. ಇಪ್ಪತ್ತು ಜನ, ಒಂದು ಕಿಲೋಮೀಟರ್ ಗೋಡೆ. ಈಗ ಪ್ರಾಂತೀಯ ಸರ್ಕಾರ ಮತ್ತು ಕೇಂದ್ರದ ಹಣ ಇಲ್ಲದೆ ಇಂಥ ದುರಸ್ತಿ ಸಾಧ್ಯವೇ ಇಲ್ಲ.

ಜನ ಎಲ್ಲಿ ಹೋದರು? 1950ರಲ್ಲಿ ಸೋರಿಯಾದಲ್ಲಿ ಸುಮಾರು 1,60,000 ಜನ ಇದ್ದರು. ಟ್ರ್ಯಾಕ್ಟರ್ ಬಂತು, ಹೊಲದಲ್ಲಿ ಕೈಗೆ ಕೆಲಸ ಕಡಿಮೆಯಾಯ್ತು. ಮ್ಯಾಡ್ರಿಡ್, ಬಾರ್ಸಿಲೋನಾ, ಸರಗೋಸದ ಕಾರ್ಖಾನೆಗಳು ಕರೆದವು. ಶಾಲೆ ಮುಚ್ಚಿತು, ಅಂಗಡಿ ಮುಚ್ಚಿತು, ಉಳಿದವರೂ ಹೊರಟರು. ಇದಕ್ಕೆ ಸ್ಪೇನ್‌ನಲ್ಲಿ ಖಾಲಿ ಸ್ಪೇನ್ ಅಂತ ಹೆಸರೇ ಇದೆ. ಆದ್ರೆ ಅಲ್ಲಿನವರು ಅದನ್ನ ತಿದ್ದುತ್ತಾರೆ: ಖಾಲಿ ಅಲ್ಲ, ಖಾಲಿ ಮಾಡಿದ ಸ್ಪೇನ್. ತಾನಾಗಿ ಆದದ್ದಲ್ಲ, ಆಗಗೊಟ್ಟದ್ದು ಅಂತ. 2019ರ ಮಾರ್ಚ್ 31ರಂದು ಇಂಥ ಊರುಗಳ ಜನ ಮ್ಯಾಡ್ರಿಡ್‌ನಲ್ಲಿ ದೊಡ್ಡ ಮೆರವಣಿಗೆ ಮಾಡಿದರು. 2022ರಲ್ಲಿ ಸೋರಿಯಾ ಯಾ, ಅಂದ್ರೆ ಸೋರಿಯಾ ಈಗಲೇ, ಅನ್ನೋ ಸ್ಥಳೀಯ ಸಂಘಟನೆ ಪ್ರಾದೇಶಿಕ ಶಾಸನಸಭೆಯಲ್ಲಿ ಮೂರು ಸ್ಥಾನ ಗೆದ್ದಿತು. ಅವರು ಕೇಳೋದು ರೈಲು, ರಸ್ತೆ, ಡಾಕ್ಟರ್, ಇಂಟರ್ನೆಟ್. ಯೋಚಿಸಿದ್ರೆ ಕೋಟೆ ಉಳಿಸೋಕೂ ಅದೇ ಬೇಕು. ಊರಲ್ಲಿ ಜನ ಇದ್ದರೆ ಉದುರಿದ ಕಲ್ಲು ಯಾರದಾದರೂ ಕಣ್ಣಿಗೆ ಬೀಳುತ್ತೆ.

ಹೋಗುವವರಿಗೆ ನಾಲ್ಕು ಮಾತು. ಬಸ್ ನಂಬಿ ಹೋಗಬೇಡಿ, ಕಾರು ಬೇಕು. ಚಿಕ್ಕ ಸ್ಮಾರಕಗಳು ವಾರದಲ್ಲಿ ಕೆಲವು ದಿನ ಮುಚ್ಚಿರುತ್ತವೆ, ಮೊದಲೇ ವೇಳೆ ನೋಡಿಕೊಳ್ಳಿ. ನೀರು, ಟೋಪಿ ಮರೀಬೇಡಿ, ಗುಡ್ಡದ ಮೇಲೆ ನೆರಳಿಲ್ಲ. ಗೋಡೆ ಹತ್ತಿ ಸೆಲ್ಫಿ ತೆಗೀಬೇಡಿ. ಊಟ ಆ ಊರಲ್ಲೇ ಮಾಡಿ, ನಿಮ್ಮ ಹತ್ತು ಯೂರೋ ಅಲ್ಲಿ ದೊಡ್ಡದು.

ಕೊನೆಗೆ ಒಂದೇ ಒಂದು ಜಾಗ. ಗೊರ್ಮಾಸ್ ಗುಡ್ಡದ ಬುಡದಲ್ಲಿ ಸಾನ್ ಮಿಗೆಲ್ ಅನ್ನೋ ಪುಟ್ಟ ಚರ್ಚಿದೆ. ಕೋಟೆ ನೋಡುವ ಆತುರದಲ್ಲಿ ಮೊದಲ ದಿನ ಅದನ್ನ ಬಿಟ್ಟು ಹೋಗಿದ್ದೆ. ವಾಪಸ್ ಹೋಗುವಾಗ ನಿಲ್ಲಿಸಿದೆ. ಅಲ್ಲಿನ ಗೋಡೆಗಳಿಗೆ ಯಾವುದೋ ಕಾಲದಲ್ಲಿ ಸುಣ್ಣ ಬಳಿದಿದ್ದರು. 1990ರ ದಶಕದಲ್ಲಿ ದುರಸ್ತಿ ಮಾಡುವಾಗ ಆ ಸುಣ್ಣದ ಕೆಳಗೆ ಚಿತ್ರಗಳು ಸಿಕ್ಕವು. ಸಾನ್ ಬೌದೇಲಿಯೋದ ಚಿತ್ರಗಳಿಗೆ ತುಂಬ ಹತ್ತಿರದ ಶೈಲಿ, ಅದೇ ಕಲಾವಿದರ ಗುಂಪಿನ ಕೆಲಸ ಅಂತ ತಜ್ಞರು ಹೇಳ್ತಾರೆ. 1922ರಲ್ಲಿ ಆ ವ್ಯಾಪಾರಿ ಇದೇ ಸೀಮೆಯಲ್ಲಿ ಓಡಾಡುವಾಗ ಇವು ಸುಣ್ಣದ ಹಿಂದೆ ಕಣ್ಮರೆಯಾಗಿದ್ದವು. ಅದಕ್ಕೇ ಉಳಿದವು.

ಅಂದಗೆಡಿಸಿದರು ಅಂತ ನಾವು ಬೈಯುವ ಸುಣ್ಣ, ಇಲ್ಲಿ ಕಾವಲುಗಾರನ ಕೆಲಸ ಮಾಡಿತ್ತು. ನಾನು ಅಲ್ಲಿ ಬಹಳ ಹೊತ್ತು ನಿಂತಿದ್ದೆ. ಈ ಸಲ ಫೋಟೋ ಅಲ್ಲ, ಗೋಡೆಯ ಮೇಲೇ ಚಿತ್ರ ಇತ್ತು, ಬರೆದವನು ಬಿಟ್ಟುಹೋದ ಜಾಗದಲ್ಲೇ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿವರೆಗೆ, ನಮಸ್ಕಾರ.